ಕೆಳಪದರದ ಫಿಲ್ಮು

ತೊಲೊಮುಶ್ ಬಾಯ್ಕೆಯ ಸಂಶೋಧನೆಗಳ ಪಟ್ಟಿ ಕಳಿಸಿ ಎಂದು ಸಂಸ್ಥೆಯಿಂದ ಮೂರನೇ ಸಲ ಕಾಗದ ಬಂತು. ನಿವೃತ್ತಿಗೆ ಮುಂಚೆ ಬೇಕಂತೆ. ಆ ಕೆಲಸ ನನ್ನ ತಲೆಗೇ ಬಿತ್ತು. ಮುರ್ಗಾಬಿನ ಈ ಬೋಳು ಬೆಟ್ಟಗಳ ಶಿಬಿರದಲ್ಲಿ ಇಪ್ಪತ್ತಾರು ವರ್ಷ ಅವರ ಜೊತೆ ಕಣ್ಣು ಸವೆಸಿದವರಲ್ಲಿ ಉಳಿದಿರುವುದು ನಾನೊಬ್ಬಳೇ.

ಕೆಲಸ ಹೇಳಿಕೊಳ್ಳುವಂಥದ್ದೇನಲ್ಲ. ಬೇಸಿಗೆಯಲ್ಲಿ ಸೀಸದ ಹಲಗೆಗಳ ನಡುವೆ ಎಕ್ಸ್-ರೇ ಫಿಲ್ಮುಗಳನ್ನು ಪದರ ಪದರವಾಗಿ ಇಟ್ಟು ಬಯಲಲ್ಲಿ ಬಿಡುತ್ತೇವೆ. ಆಕಾಶದಿಂದ ವಿಶ್ವಕಿರಣ ಬಂದು ಬಡಿದರೆ ಫಿಲ್ಮಿನ ಮೇಲೆ ಕಪ್ಪು ಚುಕ್ಕೆ. ಮರುವರ್ಷ ಅವನ್ನು ತೆಗೆದು, ತೊಳೆದು, ಚುಕ್ಕೆ ಹುಡುಕುತ್ತ ಕೂರಬೇಕು. ಮೇಲಿನ ಪದರದಲ್ಲಿ ಕಂಡದ್ದು ಕೆಳಪದರದಲ್ಲೂ ಕಂಡರೆ ಸರಿ, ಇಲ್ಲವಾದರೆ ಲೆಕ್ಕಕ್ಕಿಲ್ಲ. ಕುರಿ ಕಾಯುವವರು ಹಾದು ಹೋಗುವಾಗಲೆಲ್ಲ ಕೆಣಕುತ್ತಿದ್ದರು.

“ಏನ್ ಪಂಡಿತ್ರೇ, ಈ ವರ್ಷ ಎಷ್ಟು ಮರಿ ಹಾಕ್ತು ನಿಮ್ ಸೀಸ?”

“ಎಲ್ಲಾ ಗೊಡ್ಡು ಕಣಪ್ಪ,” ಎನ್ನುತ್ತಿದ್ದರು ಬಾಯ್ಕೆ.

ಪಟ್ಟಿಯಲ್ಲಿ ಹದಿನೇಳು ಪ್ರಬಂಧಗಳಿವೆ. ಒಂದೊಂದಕ್ಕೂ ನಲವತ್ತು, ಐವತ್ತು ಜನ ಬರೆದವರು, ಹೆಸರುಗಳೆಲ್ಲ ಅಕ್ಷರಕ್ರಮದಲ್ಲಿ. ಬಾಯ್ಕೆ ಅನ್ನುವುದು ನಮ್ಮಲ್ಲಿ ದೊಡ್ಡವರನ್ನು ‘ಅಣ್ಣ’ ಎಂದು ಕರೆಯುವ ಮಾತು; ಅವರ ಮನೆತನದ ಹೆಸರು ಶೆರ್ಮಾತೊವ್. ರಷ್ಯನ್ ಅಕ್ಷರಮಾಲೆಯಲ್ಲಿ ಅದು ಬಾಲದ ಕಡೆ ಬರುತ್ತದೆ. ಅಲ್ಲಿಯವರೆಗೆ ಓದುವಷ್ಟು ತಾಳ್ಮೆ ಯಾರಿಗಿದೆ?

ಅವರದೇ ಎನ್ನಬಹುದಾದದ್ದು ಒಂದು ಸಿಕ್ಕಿತ್ತು, ಈ ಶಿಬಿರದ ಅವರ ಹತ್ತೊಂಬತ್ತನೇ ಬೇಸಿಗೆಯಲ್ಲಿ. ಮೇಲಿನ ಎರಡು ಪದರ ತೊಳೆದಾಗ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಲೆ ಕಂಡಿತು. ಅಂಥದ್ದನ್ನು ನಾವ್ಯಾರೂ ನೋಡಿರಲಿಲ್ಲ. ಕೆಳಪದರದಲ್ಲೂ ಇದ್ದರೆ ಅದರ ಮೇಲೆ ಅವರೊಬ್ಬರೇ ಬರೆಯಬಹುದು, ಎರಡು ಸಲ ಕೈತಪ್ಪಿದ್ದ ಡಾಕ್ಟರೇಟ್ ಸಿಗಬಹುದು.

“ಬುರುಲ್, ಬಾ, ನೀನೇ ಗಡಿಯಾರ ನೋಡ್ತಿರು,” ಎಂದರು. ಇಬ್ಬರೂ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆವು. ಫಿಲ್ಮನ್ನು ದ್ರಾವಣಕ್ಕೆ ಇಳಿಬಿಟ್ಟರು.

ಆಗ ಹೊರಗೆ ನನ್ನಪ್ಪನ ದನಿ ಕೇಳಿತು. ಎಪ್ಪತ್ತೆಂಟರ ಮುದುಕ, ಯಾಕ್ ಹಾಲಿನ ಮೊಸರು ಕಟ್ಟಿಕೊಂಡು ಕುದುರೆ ಮೇಲೆ ಬಂದಿದ್ದ. “ಅಸ್ಸಲಾಮು ಅಲೈಕುಮ್. ತೊಲೊಮುಶ್, ಒಳಗಿದೀಯೇನಪ್ಪಾ?”

ಬಿಳಿಗಡ್ಡದ ಹಿರಿಯರು ಬಾಗಿಲಲ್ಲಿ ನಿಂತು ಸಲಾಮು ಹೇಳಿದರೆ ನಮ್ಮಲ್ಲಿ ಯಾರೂ ಒಳಗಿನಿಂದಲೇ ಉತ್ತರ ಕೊಡುವುದಿಲ್ಲ. ಎದ್ದು ಹೋಗಿ ಎರಡೂ ಕೈಯಲ್ಲಿ ಅವರ ಕೈ ಹಿಡಿಯಬೇಕು. ಇದನ್ನು ಯೋಚಿಸಿ ಮಾಡುವವರಿಲ್ಲ, ಬಾಯ್ಕೆಯೂ ಯೋಚಿಸಲಿಲ್ಲ. “ವಾಲೈಕುಮ್ ಅಸ್ಸಲಾಮ್, ಆತಾ,” ಎನ್ನುತ್ತ ಕೈ ಒರೆಸಿಕೊಂಡು ಬಾಗಿಲು ತೆರೆದೇಬಿಟ್ಟರು. ಮಧ್ಯಾಹ್ನದ ಬಿಸಿಲು ಒಳಗೆ ನುಗ್ಗಿತು. ನಾನೂ ತಡೆಯಲಿಲ್ಲ. ನನ್ನ ಕಾಲುಗಳೂ ಬಾಗಿಲ ಕಡೆಗೇ ಹೊರಟಿದ್ದವು.

ಫಿಲ್ಮು ಪೂರ್ತಿ ಕಪ್ಪಾಯಿತು. ಬಾಯ್ಕೆ ಅಪ್ಪನಿಗೆ ಚಹಾ ಕೊಟ್ಟರು, ಕುರಿಗಳ ಕ್ಷೇಮ ಕೇಳಿದರು, ಕುದುರೆ ಹತ್ತಿಸಿ ಕಳಿಸಿದರು. ಆಮೇಲೆ ಬಂದು ಮೆಟ್ಟಿಲ ಮೇಲೆ ಕೂತರು. ನನಗಂತೂ ಅಪ್ಪನ ಮೇಲೆ, ಆ ಮೊಸರಿನ ಮೇಲೆ, ನಮ್ಮ ಹಾಳು ಮರ್ಯಾದೆಯ ಮೇಲೆ ಸಿಟ್ಟು ಉಕ್ಕಿ ಬಂತು.

“ಜನರೇಟರ್ ಕೆಟ್ಟು ಫಿಲ್ಮು ಹಾಳಾಯ್ತು ಅಂತ ಸಂಸ್ಥೆಗೆ ಬರ್ದ್ಬಿಡಿ, ಬಾಯ್ಕೆ. ಯಾರ್ ನೋಡ್ತಾರೆ?” ಎಂದೆ.

“ಪಾಪ, ಜನರೇಟರ್ ಏನ್ ಮಾಡ್ತು?”

“ಹಂಗಾದ್ರೆ ನಮ್ಮಪ್ಪ ಬಂದ ಅಂತ್ಲೇ ಬರೀರಿ.”

“ಹಿರೀರು ಮನೆ ಬಾಗಿಲಿಗೆ ಬಂದಿದ್ದು ತಪ್ಪು ಅಂತ ಬರೀಲಾ?”

ಕೊನೆಗೆ ಏನೋ ಬರೆದು ಕಳಿಸಿದರು. ಆ ಕಲೆ ಲೆಕ್ಕದಿಂದ ಹೊರಬಿತ್ತು, ಡಾಕ್ಟರೇಟ್ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮರುವರ್ಷ ಅವರು ಎಂದಿನಂತೆ ಸೀಸ ಹೊತ್ತರು.

ನಿನ್ನೆ ಬಾಯ್ಕೆಗೆ ಪಟ್ಟಿ ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಹನ್ನೆರಡನೆಯದಕ್ಕೆ ಕೈ ಎತ್ತಿದರು. “ಅದರ ಕೊನೇ ಪುಟ ತೆಗಿ. ಅಡಿಟಿಪ್ಪಣಿ ಓದು.”

ಸಣ್ಣ ಅಕ್ಷರ, ಕನ್ನಡಕ ಹಾಕಿಕೊಂಡು ಓದಿದೆ. ‘ಒಂದು ಘಟನೆಯನ್ನು ಪರಿಗಣಿಸಿಲ್ಲ. ಅದರ ಕೆಳಪದರದ ಫಿಲ್ಮು ತೊಳೆಯುವಾಗ ಶೆರ್ಮಾತೊವ್ ಅವರ ತಪ್ಪಿನಿಂದ ಹಾಳಾಗಿದೆ.’

“ಹದಿನೇಳರಲ್ಲಿ ನಾನೊಬ್ನೇ ಬರ್ದಿದ್ದು ಅದೊಂದೇ ಸಾಲು, ಬುರುಲ್,” ಎಂದರು. “ಅದನ್ನ ಬೇರೆಯಾಗಿ ಪಟ್ಟೀಲಿ ಹಾಕ್ಬಹುದಾ ಅಂತ ಕೇಳಿ ನೋಡು.”