ಕುದುರೆ ಲಾಯದ ಕೊರಗಪ್ಪ

ಕೊರಗಪ್ಪನಿಗೆ ನಂಬಿಕೆ ಒಗ್ಗುತ್ತಿರಲಿಲ್ಲ. ಹಾಲಿನ ಭಯ್ಯಾ ಕ್ಯಾನು ಇಳಿಸಿದರೆ ಬೆರಳದ್ದಿ ನೋಡುವನು. ಟ್ರಾಮಿನಲ್ಲಿ ಯಾರಾದರೂ ಎದ್ದು ಜಾಗ ಕೊಟ್ಟರೆ ಸೀಟನ್ನು ಸವರಿ ನೋಡಿಯೇ ಕೂರುವನು. ನಾನು ಮೊದಲ ಸಲ ಅವನ ಚಹಾ ಕುಡಿದು ಚೆನ್ನಾಗಿದೆ ಎಂದಾಗ, ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮಗೆ ಎಂತ ಆಗಬೇಕಿತ್ತು?” ಎಂದು ಕೇಳಿದ. ನನಗೆ ಮೈಯೆಲ್ಲ ಉರಿಯಿತು. ಧಾರವಾಡದ ಕಡೆಯ ನಾವು ಬಾಯಿ ಬಿಟ್ಟು ಹೊಗಳುವುದೇ ಅಪರೂಪ. ಹೊಗಳಿದ್ದಕ್ಕೆ ಇದೇ ಬಹುಮಾನವಾದರೆ ಇನ್ನು ಹೊಗಳುವುದಾದರೂ ಯಾಕೆ?

ಆಗ ಬೈಕುಲ್ಲಾದಲ್ಲಿ, ಟ್ರಾಮ್ ಹೊರಳುವ ಮೂಲೆಯಲ್ಲಿ ಫಿರೋಜಾ ಮ್ಯಾನ್ಶನ್ ಇತ್ತು. ಹತ್ತಿ ವ್ಯಾಪಾರದ ಪಾರ್ಸಿಯೊಬ್ಬರು ಕಟ್ಟಿಸಿ, ಮಕ್ಕಳಿಲ್ಲದೆ ಟ್ರಸ್ಟಿಗೆ ಬಿಟ್ಟುಹೋದ ಮನೆ. ಮೇಲಂತಸ್ತಿನಲ್ಲಿ ನಮ್ಮ ಪ್ರಾಚೀನ ವಿದ್ಯಾ ಮಂಡಳಿ, ಅದರ ಪಕ್ಕದ ಕೋಣೆಯಲ್ಲಿ ನಕ್ಷತ್ರ ನೋಡುವವರ ಸಂಘ. ಕೆಳಗಿನ ದೊಡ್ಡ ಹಾಲು ಮದುವೆ ಮುಂಜಿಗಳಿಗೆ ಬಾಡಿಗೆಗೆ ಹೋಗುತ್ತಿತ್ತು. ಮೇಲೆ ಯಾರೋ ತಾಮ್ರಪಟದ ಮೇಲೆ ಪ್ರಬಂಧ ಓದುತ್ತಿದ್ದರೆ ಕೆಳಗೆ ಮದುವೆಯ ಬ್ಯಾಂಡು ಶುರುವಾಗುವುದು, ಹಿಂದೆಯೇ ಪೂರಿ ಕರಿಯುವ ವಾಸನೆ ಮೆಟ್ಟಿಲು ಹತ್ತಿ ಬರುವುದು. ಆಮೇಲೆ ತಾಮ್ರಪಟವನ್ನು ಯಾರು ಕೇಳುತ್ತಾರೆ? ನಾನು ಸದಸ್ಯನಾದದ್ದೇ ಮಿಲ್ ಆಫೀಸು ಬಿಟ್ಟ ಮೇಲೆ ಫ್ಯಾನಿನ ಕೆಳಗೆ ಕೂತು ಪೇಪರ್ ಓದಲಿಕ್ಕೆ. ಹೇಳಲು ಸಂಕೋಚವೇನಿಲ್ಲ, ಅರ್ಧ ಮಂಡಳಿ ಬರುತ್ತಿದ್ದದ್ದು ಅದಕ್ಕೇ.

ಹಿತ್ತಲಲ್ಲಿ ಒಂದು ಹಳೆಯ ಕುದುರೆ ಲಾಯ. ಅದು ಮಂಡಳಿಯ ಪಾಲಿಗೆ ಬಂದಿತ್ತು. ಕೆಳಗೆ ಕೊರಗಪ್ಪನ ಚಹಾದ ಒಲೆ, ಮೇಲೆ, ಮುಂಚೆ ಹುಲ್ಲು ತುಂಬುತ್ತಿದ್ದ ಅಟ್ಟದಲ್ಲಿ ಅವನೂ ಹೆಂಡತಿ ವಾರಿಜಾಳೂ. ಮುಂಬಯಿಯಲ್ಲಿ ತಲೆಯ ಮೇಲೊಂದು ಸೂರು, ಅದರ ಕೆಳಗೇ ಹೊಟ್ಟೆಪಾಡು. ಬೇರೆಯವರು ಕಂಡರೆ ಹೊಟ್ಟೆ ಉರಿದುಕೊಳ್ಳುವಂಥ ಭಾಗ್ಯ. ಕೊರಗಪ್ಪನಿಗೂ ಅದು ಗೊತ್ತಿತ್ತು. ಗೊತ್ತಿದ್ದರಿಂದಲೇ, ಅದನ್ನು ಯಾರು ಕಿತ್ತುಕೊಳ್ಳಲು ಬರುತ್ತಾರೆಂದು ಹಗಲೆಲ್ಲ ಕಾಯುತ್ತಿದ್ದ.

ಅವನು ಹೀಗೇಕಾದ ಎಂದು ವಾರಿಜಾ ಒಮ್ಮೆ ಹೇಳಿದ್ದಳು. ಕಾಪುವಿನಲ್ಲಿ ಶಾಲೆಗೆ ಹೋಗುತ್ತಿದ್ದವನನ್ನು ಸೋದರಮಾವ ಮುಂಬಯಿ ತೋರಿಸುತ್ತೇನೆಂದು ಮಂಗಳೂರಿನಿಂದ ಹಡಗು ಹತ್ತಿಸಿದನಂತೆ. ಫೋರ್ಟ್ ಪೇಟೆಯ ಒಂದು ಹೋಟೆಲಿನ ಹಿಂಬಾಗಿಲಲ್ಲಿ ನಿಲ್ಲಿಸಿ, ಎಲ್ಲ ನಿನ್ನ ಒಳ್ಳೆಯದಕ್ಕೇ, ಈಗ ಬಂದೆ ಎಂದು ಹೋದವನು ತಿರುಗಿ ಬರಲಿಲ್ಲ. ಅಂದಿನಿಂದ ಯಾರು “ನಿನ್ನ ಒಳ್ಳೆಯದಕ್ಕೆ” ಎಂದರೂ ಕೊರಗಪ್ಪ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ. ಮನುಷ್ಯರನ್ನು ಅಳೆಯಲು ಅವನ ಹತ್ತಿರ ಇದ್ದದ್ದು ಒಂದೇ ಪರೀಕ್ಷೆ. ತನ್ನ ಕೈಯ ಚಹಾ ಕುಡಿದವನು ಆ ದಿನದ ಮಟ್ಟಿಗಾದರೂ ತನಗೆ ಕೇಡು ಬಗೆಯುವುದಿಲ್ಲ. ಬೇಡ ಎಂದವನ ಮನಸ್ಸಿನಲ್ಲಿ ಏನೋ ಇದೆ. ನನಗೆ ನಗು ಬರುತ್ತಿತ್ತು. ಅವನು ನಗುತ್ತಿರಲಿಲ್ಲ.

ಇಂಥವನು ವಿದ್ವಾಂಸರ ಮಂಡಳಿಯ ಸದಸ್ಯನಾದದ್ದು ಕಾರ್ಯದರ್ಶಿ ರಮಾನಾಥ ರಾಯರಿಂದ. ಭಟ್ಕಳದ ಕಡೆಯ ಸಾರಸ್ವತರು, ನಿವೃತ್ತ ಹೆಡ್ಮಾಸ್ತರರು. ವಾರ್ಷಿಕ ಸಭೆಗೆ ಇಷ್ಟು ತಲೆ ಇರಲೇಬೇಕೆಂಬ ನಿಯಮ. ತಲೆಗಳೋ ವರ್ಷಕ್ಕೊಂದೆರಡು ಸ್ಮಶಾನಕ್ಕೆ ಹೋಗುತ್ತಿದ್ದವು. ಕೋರಂ ತುಂಬಿಸಲು ರಾಯರು ಕೊರಗಪ್ಪನನ್ನೂ ಸೇರಿಸಿಕೊಂಡರು. ಚಹಾದವನನ್ನು ಸದಸ್ಯ ಮಾಡುವುದರ ಹಿಂದೆ ಏನು ಹಂಚಿಕೆ ಇದೆಯೋ ಎಂದು ಅವನು ಬಹಳ ದಿನ ಒಪ್ಪಿರಲಿಲ್ಲ. ಒಪ್ಪಿದ ಮೇಲೆ ವರ್ಷಕ್ಕೊಮ್ಮೆ ಒಗೆದ ಅಂಗಿ ತೊಟ್ಟು ಕೊನೆಯ ಬೆಂಚಿನಲ್ಲಿ ಕೂರುವನು. ಸಭೆ ನಡೆಯುವುದು ಇಂಗ್ಲಿಷಿನಲ್ಲಿ. ರಾಯರು ಕನ್ನಡಕ ತೆಗೆದರೆ ಕೈ ಎತ್ತಬೇಕು, ಅಷ್ಟೇ ಅವನ ಕೆಲಸ.

ಆ ವರ್ಷ ಕೆಳಗಿನ ಮದುವೆ ಹಾಲನ್ನು ಗುತ್ತಿಗೆ ಹಿಡಿದಿದ್ದ ಶೇಠನ ಕಣ್ಣು ಲಾಯದ ಮೇಲೆ ಬಿತ್ತು. ಮದುವೆ ಅಡಿಗೆಯ ದೊಡ್ಡ ಒಲೆಗಳಿಗೆ ಅವನಿಗೆ ಜಾಗ ಬೇಕಿತ್ತು. ಲಾಯ ಬಿಟ್ಟುಕೊಟ್ಟರೆ ಮಂಡಳಿಯ ಭಾಷಣಗಳಿಗೆ ಕೆಳಗಿನ ಹಾಲನ್ನು ಪುಕ್ಕಟೆ ಕೊಡುತ್ತೇನೆ ಎಂದು ಆಸೆ ತೋರಿಸಿದ. ಕೆಲವು ಸದಸ್ಯರು ಕರಗಿಹೋದರು. ರಾಯರು ಕರಗಲಿಲ್ಲ. ಕೊರಗಪ್ಪ ಮತ್ತು ಅವನ ಹೆಂಡತಿ ಬದುಕಿರುವವರೆಗೂ ಲಾಯ ಅವರಿಗೇ ಇರತಕ್ಕದ್ದು ಎಂದು ಸಭೆಗೆ ಒಂದು ಠರಾವು ತಂದರು. ಕೊರಗಪ್ಪನಿಗೂ ಮುಂಚೆಯೇ ಹೋಗಿ ತಿಳಿಸಿದರು. ಆದರೆ ಪಾಪ, ಹೇಳುವಾಗ ಆ ಹಾಳು ಮಾತನ್ನೇ ಆಡಿಬಿಟ್ಟರು.

“ಈ ಸಲ ಮರೆಯದೆ ಕೈ ಎತ್ತು ಕೊರಗಪ್ಪಾ. ನಿನ್ನ ಒಳ್ಳೆಯದಕ್ಕೇ ಮಾಡಿದ್ದು.”

ಕೊರಗಪ್ಪ ಹೂಂ ಎಂದ. ಒಳಗೆ ಅವನ ಸಂಶಯದ ಗಿರಣಿ ತಿರುಗತೊಡಗಿತು.

ಸಭೆಯ ದಿನವೇ ರಾಯರ ಹಲ್ಲು ಕೈಕೊಡಬೇಕೆ? ಬೆಳಿಗ್ಗೆ ದವಡೆಯ ಹಲ್ಲು ಕೀಳಿಸಿಕೊಂಡು, ಬಾಯಿಗೆ ಹತ್ತಿ ತುರುಕಿಕೊಂಡು ಬಂದರು. ಕೆಳಗಿನ ಮದುವೆ ಹಾಲಿನ ಬಾಗಿಲಲ್ಲಿ ಶೇಠ್ ಅವರ ಹೆಗಲ ಮೇಲೆ ಕೈಯಿಟ್ಟು, ಊದಿದ ಕೆನ್ನೆಯ ಹತ್ತಿರ ಬಗ್ಗಿ ನೋವು ಹೇಗಿದೆ ಎಂದು ವಿಚಾರಿಸಿದ. ಚಹಾದ ತಟ್ಟೆ ಹಿಡಿದು ಬರುತ್ತಿದ್ದ ಕೊರಗಪ್ಪನ ಕಣ್ಣಿಗೆ ಬಿದ್ದದ್ದು ಹೆಗಲ ಮೇಲಿನ ಕೈ ಮತ್ತು ಕಿವಿಯ ಹತ್ತಿರದ ಬಾಯಿ. ಅವನು ನೇರ ರಾಯರ ಮುಂದೆ ಹೋಗಿ ಕಪ್ಪು ಹಿಡಿದ. ರಾಯರು ಬೇಡವೆಂದು ಕೈಯಾಡಿಸಿ, ಹತ್ತಿಯ ನಡುವಿನಿಂದ ಏನೋ ಗುನುಗಿದರು. ಆ ಮನೆಗೆ ಬಂದ ಮೇಲೆ ಒಂದು ದಿನವೂ ಅವನ ಚಹಾ ಬೇಡವೆಂದವರಲ್ಲ.

ಸಭೆ ಸೇರಿತು. ಠರಾವನ್ನು ಓದಿದರು. ಕೊರಗಪ್ಪ ತನ್ನದೇ ವಿಷಯಕ್ಕೆ ಕೈ ಎತ್ತಬಹುದೇ ಎಂದು ಒಬ್ಬರು ತಕರಾರು ತೆಗೆದರು. ಎತ್ತಬಾರದೆಂದು ನಿಯಮದಲ್ಲಿಲ್ಲ ಎಂದು ಅಧ್ಯಕ್ಷರು ಬಾಯಿ ಮುಚ್ಚಿಸಿದರು. ಪರವಾದವರು ಕೈ ಎತ್ತಿ ಎಂದಾಗ ರಾಯರು ಕನ್ನಡಕ ತೆಗೆದರು. ನಾನೂ ಸೇರಿ ಐದು ಕೈಗಳು ಎದ್ದವು. ಕೊನೆಯ ಬೆಂಚಿನಲ್ಲಿ ಕೊರಗಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದ. ರಾಯರು ಕನ್ನಡಕ ಹಾಕಿ ಮತ್ತೆ ತೆಗೆದರು. ನಾನು ಹಿಂದೆ ತಿರುಗಿ ಹೇಳಿದೆ:

“ಕೈ ಎತ್ತಪಾ ಕೊರಗಪ್ಪ. ನಿನ್ನ ಮನೀ ಮಾತ ಐತಿ ಇದು.”

ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಇವನೂ ಅವರ ಜೊತೆ ಸೇರಿದ್ದಾನೆ ಎನ್ನುವ ನೋಟ.

ವಿರುದ್ಧವಾದವರು ಎಂದರು ಅಧ್ಯಕ್ಷರು. ಐದು ಕೈಗಳು ಎದ್ದವು. ರಾಯರ ಕೈ ಕೆಳಗೇ ಇತ್ತು. ಅದನ್ನು ನೋಡಿ ಕೊರಗಪ್ಪ ಲೆಕ್ಕ ಹಾಕಿರಬೇಕು: ಅವರು ಎತ್ತು ಎಂದಾಗ ಎತ್ತುವುದು ಅಪಾಯವಾದರೆ, ಅವರು ಎತ್ತದಿದ್ದಾಗ ಎತ್ತುವುದೇ ಕ್ಷೇಮ. ಎದ್ದು ನಿಂತು, ಬಲಗೈಯನ್ನು ತೋಳು ಪೂರ್ತಿ ಚಾಚಿ ಎತ್ತಿದ. ಜನ್ಮದಲ್ಲಿ ಮೊದಲ ಬಾರಿಗೆ, ಯಾರ ಮಾತೂ ಕೇಳದೆ ತಾನೇ ವಿಚಾರ ಮಾಡಿ ಎತ್ತಿದ ಕೈ. ಮುಖದಲ್ಲಿ ಹೆಮ್ಮೆಯಿತ್ತು. ಐದಕ್ಕೆ ಆರಾಗಿ, ಅವನ ಮನೆಯ ಠರಾವು ಅವನ ಕೈಯಿಂದಲೇ ಬಿದ್ದುಹೋಯಿತು. ನನಗೆ ನೋಡಲಾಗಲಿಲ್ಲ.

ಸಭೆ ಮುಗಿದು ಇಳಿಯುವಾಗ ಅವನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಎಲ್ಲ ಬಿಡಿಸಿ ಹೇಳಿದೆ. ನಂಬಲಿಲ್ಲ. ಶೇಠನ ಆಳುಗಳು ಟೇಪು ಹಿಡಿದು ಲಾಯ ಅಳೆಯಲು ಬಂದಾಗಲೂ, ಇದು ರಾಯರದೇ ಕೆಲಸ ಎಂದ. ಕೊನೆಗೆ ವಾರಿಜಾ ತಾನೇ ಮೇಲೆ ಹೋಗಿ ರಾಯರನ್ನು ಕೇಳಿದಳು. ರಾಯರು ಬಾಯಿ ತೆರೆದು, ಹಲ್ಲು ಕಿತ್ತ ಜಾಗವನ್ನೂ ತೋರಿಸಿದರಂತೆ. ಅವಳು ಇಳಿದು ಬಂದಾಗ ನಾನು ಒಲೆಯ ಬಳಿ ಇದ್ದೆ. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಲಿಲ್ಲ.

“ನಿಮಗೆ ಮೋಸ ಮಾಡಿದ್ದು ನಿಮ್ಮ ಮಾವ ಒಬ್ಬರು,” ಎಂದಳು. “ಅದಕ್ಕೆ ಉಳಿದವರಿಗೆಲ್ಲ ಇನ್ನೆಷ್ಟು ವರ್ಷ ಶಿಕ್ಷೆ ಉಂಟು?”

ಕುದಿಯುತ್ತಿದ್ದ ಹಾಲು ಉಕ್ಕಿ ಒಲೆಗೆ ಬಿತ್ತು, ಕೊರಗಪ್ಪ ನೋಡಲಿಲ್ಲ. ರಾಯರು ಠರಾವನ್ನು ಮತ್ತೆ ತರಲು ಅವರಿವರ ಮನೆಗೆ ಅಲೆದರು. ಮಂಡಳಿ ಕೂಡುವುದು ವರ್ಷಕ್ಕೊಮ್ಮೆ. ಅಷ್ಟು ದಿನ ಕಾಯುವ ಆಸಾಮಿ ಶೇಠ್ ಅಲ್ಲ. ಗಂಡ ಹೆಂಡತಿ ಲಾಯ ಖಾಲಿ ಮಾಡಬೇಕಾಯಿತು. ಹೋಗುವವರೆಗೂ ಕೊರಗಪ್ಪ ನಾಚಿಕೆಯಿಂದ ರಾಯರ ಎದುರು ಬರಲಿಲ್ಲ. ಅವರು ಮೆಟ್ಟಿಲಿಳಿದರೆ ಇವನು ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ.

ಕುರ್ಲಾದ ಸಾಲುಕೋಣೆಗಳ ಒಂದು ಚಾಳಿನಲ್ಲಿ ಅವರಿಗೆ ಕೋಣೆ ಹುಡುಕಿಕೊಟ್ಟದ್ದೂ ರಾಯರೇ. ಸಾಮಾನು ಹೊರಲು ನಾನೂ ಲೋಕಲ್ ರೈಲು ಹತ್ತಿ ಜೊತೆಗೆ ಹೋದೆ. ರಾಯರು ಮೊದಲೇ ಬಂದು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಒಳಗೆಲ್ಲ ನೋಡಿಕೋ, ಗೋಡೆ, ಮಾಡಿನ ಹೆಂಚು, ನಲ್ಲಿ, ಎಲ್ಲ ನೋಡಿ ಆಮೇಲೆ ಹೂಂ ಅನ್ನು ಎಂದರು. ಹೊಸ ಸೌಟು ಕೊಳ್ಳುವಾಗಲೂ ಬಿಸಿಲಿಗೆ ಹಿಡಿದು ನೋಡುತ್ತಿದ್ದ ಮನುಷ್ಯ ಹೊಸ್ತಿಲಾಚೆ ತಲೆ ಕೂಡ ಹಾಕಲಿಲ್ಲ.

“ನೀವು ನೋಡಿದ್ದೀರಲ್ಲ ರಾಯರೇ,” ಎಂದ. “ಸಾಕು.”

ಹಾಗೆಂದು ಬೀಗದ ಕೈ ತೆಗೆದುಕೊಂಡು, ಗೋಡೆಯ ಕಡೆ ತಿರುಗಿ ಅತ್ತ.

ಮಳೆಗಾಲದಲ್ಲಿ ಒಮ್ಮೆ ನೋಡಿ ಬರೋಣವೆಂದು ಹೋದೆ. ಕೊರಗಪ್ಪ ಕೆಲಸಕ್ಕೆ ಹೋಗಿದ್ದ, ಹತ್ತಿರದ ಯಾವುದೋ ಹೋಟೆಲಿನಲ್ಲಿ ಚಹಾ ಮಾಡಲಿಕ್ಕೆ. ಕೋಣೆಯ ತುಂಬ ಪಾತ್ರೆಗಳು, ಎಲ್ಲದರಲ್ಲೂ ಮಾಡಿನಿಂದ ಸೋರಿದ ನೀರು. ಚಾಪೆ ಹಾಸಲು ಒಣಗಿದ ಜಾಗ ಇರಲಿಲ್ಲ. ರಾಯರಿಗೆ ಹೇಳಿದರೆ ಚಾಳಿನ ಮಾಲಕನಿಗೆ ಹೇಳಿ ಸರಿಮಾಡಿಸುತ್ತಾರೆ ಎಂದೆ. ವಾರಿಜಾ ಬೇಡವೆಂದು ತಲೆಯಾಡಿಸಿದಳು. ಈ ಕೋಣೆ ಸೋರುತ್ತದೆಂದು ರಾಯರ ಕಿವಿಗೆ ಎಂದೂ ಬೀಳಬಾರದೆಂದು ಗಂಡ ಅವಳಿಂದ ಆಣೆ ಮಾಡಿಸಿಕೊಂಡಿದ್ದನಂತೆ.