ಆತು ಅಂದರೆ ಏನು?

ಹರಪನಹಳ್ಳಿ ಕಡೆಯ ಗುಡ್ಡಗಳ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಕಂಬಗಳಿವೆ. ಊರವರ ಬಾಯಲ್ಲಿ ಅವು ಫ್ಯಾನು. ಅವುಗಳ ರಿಪೇರಿ ತಂಡದಲ್ಲಿ ನಾವು ಎಂಟು ಜನ. ಹೊಸ ಮೇಡಂ ನಮ್ಮ ಮೇಲಧಿಕಾರಿಯಾಗಿ ಬಂದ ಮೊದಲ ಸೋಮವಾರವೇ ನನಗೆ ಅವರ ಮೇಲೆ ಅನುಮಾನ ಬಂತು. ಕಾರಣ ಇಷ್ಟೇ, ಅವರು ಬೈಯಲಿಲ್ಲ.

ಅವರಿಗಿಂತ ಮುಂಚೆ ಇದ್ದ ಸಾಹೇಬರು ಏನೇ ಕೆಟ್ಟರೂ ಮೊದಲು ಕೇಳುತ್ತಿದ್ದದ್ದು ‘ಯಾರು?’ ಅಂತ. ಯಾರು ಅಂತ ಗೊತ್ತಾದ ಮೇಲೆ ಏನು ಕೆಟ್ಟಿದೆ ಎನ್ನುವುದು ಅವರಿಗೆ ಬೇಕಾಗಿರಲಿಲ್ಲ. ಮೆಮೊ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದರು. ನಾವೂ ಒಗ್ಗಿಹೋಗಿದ್ದೆವು, ಬಾಯಿ ಬಿಟ್ಟರೆ ಬಣ್ಣಗೇಡು ಅಂತ ತೆಪ್ಪಗಿರುತ್ತಿದ್ದೆವು. ಈ ಮೇಡಂ ನೋಡಿದರೆ ಸ್ಟೋರಿನ ಮುಂದೆ ಎಲ್ಲರಿಗೂ ಚಹಾ ತರಿಸಿ, ತಾವೂ ನಮ್ಮ ಜೊತೆ ಕಟ್ಟೆಯ ಮೇಲೆ ಕೂತು ಕೇಳಿದರು: “ಹೋದ ವಾರ ಮ್ಯಾಲೆ ಹತ್ತಿದಾಗ ಎದೆ ಝಲ್ ಅಂದಿದ್ದು ಏನಾದ್ರೂ ಐತಾ? ಏನಾತು ಅಂತ ಹೇಳ್ರಿ, ಸಾಕು. ಯಾರು ಅನ್ನೋದು ನನಗೆ ಬ್ಯಾಡ.”

ನಾವು ಚಹಾ ಮಾತ್ರ ಕುಡಿದೆವು. ಅವರು ಒಳಗೆ ಹೋದ ಮೇಲೆ ಸ್ಟೋರ್ ನೋಡಿಕೊಳ್ಳುವವನು ಮೆಲ್ಲಗೆ ಅಂದ: “ಕುರಿ ಕೊಯ್ಯೋಕಿಂತ ಮುಂಚಿ ನೀರು ಕುಡಿಸ್ತಾರ ನೋಡಪಾ, ಇದು ಹಂಗ ಐತಿ.” ಅವನ ಮನೆಯಲ್ಲಿ ಕುರಿ ಹಿಂಡೇ ಇದೆ, ಅವನಿಗೆ ಗೊತ್ತಿರಬೇಕು.

ಉಳಿದವರಿಗೆ ಇದ್ದದ್ದು ಬರೀ ಗುಮಾನಿ. ನನಗೆ ಭಯವೂ ಇತ್ತು. ಎರಡು ವರ್ಷದ ಹಿಂದೆ ನಮ್ಮ ತಾಲ್ಲೂಕಿನದೇ ಅರಸೀಕೆರೆ ಕಡೆಯ ಒಂದು ಫ್ಯಾನಿನ ಮೇಲೆ ನಾನು ಮತ್ತು ನನ್ನ ಜೊತೆಗಾರ ಕೆಲಸ ಮಾಡುತ್ತಿದ್ದೆವು. ತುದಿಯಲ್ಲಿರುವ ಯಂತ್ರದ ಗೂಡಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಚಕ್ರ ತಿರುಗದಂತೆ ಒಂದು ಕಬ್ಬಿಣದ ಗೂಟ ತೂರಿಸಬೇಕು, ಅದೇ ಲಾಕು. ಅವನು ಆ ಕಡೆಯಿಂದ ಕೂಗಿದ: “ಲಾಕ್ ಹಾಕು ಲೇ!” ನಾನು “ಆತು” ಅಂದೆ.

ನಮ್ಮ ಕಡೆ ಆತು ಅಂದರೆ ‘ಸರಿ, ಮಾಡುತ್ತೇನೆ’ ಅಂತಲೂ ಹೌದು, ‘ಮಾಡಿ ಮುಗಿಸಿದೆ’ ಅಂತಲೂ ಹೌದು. ಮನೆಯಲ್ಲಿ, ಸಂತೆಯಲ್ಲಿ ಅದರಿಂದ ಯಾರಿಗೂ ತೊಂದರೆಯಿಲ್ಲ. ನಾನು ಹೇಳಿದ್ದು ಮೊದಲನೆಯದು, ಅವನಿಗೆ ತಿಳಿದದ್ದು ಎರಡನೆಯದು. ಗೂಟ ಜಾಮ್ ಆಗಿತ್ತು, ನಾನು ಸುತ್ತಿಗೆ ಹುಡುಕುತ್ತಿದ್ದೆ. ಗಾಳಿ ಬೀಸಿತು. ಚಕ್ರ ತಿರುಗಿದ್ದು ಒಂದು ಗೇಣು ಅಷ್ಟೇ. ಅವನ ಬಲಗೈಯ ಮೂರು ಬೆರಳು ಹೋದವು.

ವಿಚಾರಣೆಯಲ್ಲಿ ಸಾಹೇಬರು ಕೇಳಿದ್ದು ಮತ್ತೆ ಅದೇ, ‘ಯಾರು?’ ಇವನು ಆತು ಅಂದ, ಅದಕ್ಕೇ ಕೈ ಇಟ್ಟೆ ಅಂತ ಅವನು ಹೇಳಿದ. ಸಾಹೇಬರು ನನ್ನ ಕಡೆ ತಿರುಗಿದರು. “ನಾನು ಏನೂ ಅಂದಿಲ್ರಿ” ಅಂದೆ. ಅವನದೇ ಅಜಾಗ್ರತೆ ಅಂತ ಬರೆದು ಅವನನ್ನು ಕೆಲಸದಿಂದ ತೆಗೆದರು. ಅವನು ತಂಬ್ರಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ. ಆ ಊರಿನ ಮೇಲೆ ಹೋಗಬೇಕಾದಾಗಲೆಲ್ಲ ನಾನು ಸುತ್ತು ಹಾಕಿ ಹೋಗುತ್ತಿದ್ದೆ. ನಾಚಿಕೆಯಾಗುತ್ತಿತ್ತು. ನಿಜ ಹೇಳಬೇಕೆಂದರೆ, ನಾಚಿಕೆಗಿಂತ ನನ್ನ ಕೆಲಸ ಹೋದೀತು ಎನ್ನುವ ಹೆದರಿಕೆಯೇ ಜಾಸ್ತಿ.

ಹಾಗಾಗಿ ಮೇಡಂ ‘ಏನಾತು’ ಎಂದು ಕೇಳಿದಾಗಲೆಲ್ಲ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದು. ಹಳೆಯ ಫೈಲು ಓದಿದ್ದಾರೆ, ನನ್ನನ್ನು ಹಿಡಿಯಲೆಂದೇ ಇಷ್ಟೆಲ್ಲ ಚಹಾ ಎಂದುಕೊಂಡೆ. ಒಮ್ಮೆ ಅವರೇ ತಮ್ಮ ತಪ್ಪು ಹೇಳಿಕೊಂಡರು. ಹಿಂದಿನ ಜಾಗದಲ್ಲಿ ಒಬ್ಬನಿಗೆ ಎಲ್ಲರೆದುರು ಬೈದಿದ್ದರಂತೆ, ಮರುವಾರ ಅವನು ಏಣಿಯಲ್ಲಿ ಬಿರುಕು ಕಂಡರೂ ಹೇಳಲಿಲ್ಲವಂತೆ. ನಾಟಕ ಚೆನ್ನಾಗಿ ಕಲಿತಿದ್ದಾರೆ ಅನ್ನಿಸಿತು ನನಗೆ.

ನಿಧಾನಕ್ಕೆ ಉಳಿದವರು ಒಂದೊಂದೇ ಮಾತು ಆಡತೊಡಗಿದರು. ಯಾರಿಗೂ ಮೆಮೊ ಬರಲಿಲ್ಲ, ಮೇಲೆ ಹತ್ತುವಾಗ ಕಟ್ಟಿಕೊಳ್ಳಲು ಹೊಸ ಬೆಲ್ಟು ಬಂತು. ನಾನು ಮಾತ್ರ ಬಾಯಿ ಬಿಡಲಿಲ್ಲ. ಒಂದು ಮಧ್ಯಾಹ್ನ ಮೇಡಂ ಊಟಕ್ಕೆ ಹೋದಾಗ ಮೇಜಿನ ಮೇಲಿದ್ದ ಅವರ ನೋಟ್‌ಬುಕ್ ತೆರೆದೇಬಿಟ್ಟೆ. ‘ಬೆಲ್ಟಿನ ಹೊಲಿಗೆ ಬಿಚ್ಚಿದೆ. ಗೂಡಿನಲ್ಲಿ ಬೆಳಕು ಸಾಲದು. ಮೇಲೆ ಕುಡಿಯಲು ನೀರಿಲ್ಲ.’ ಪುಟ ಪುಟ ತಿರುವಿದರೂ ಒಂದೇ ಒಂದು ಹೆಸರಿಲ್ಲ. ಅನುಮಾನ ಇನ್ನೂ ಹೆಚ್ಚಾಯಿತು. ಹಾಗಾದರೆ ಅಸಲಿ ನೋಟ್‌ಬುಕ್ ಎಲ್ಲಿಟ್ಟಿದ್ದಾರೆ?

ಇನ್ನೊಂದು ಸೋಮವಾರ ಮೇಡಂ ಜೊತೆ ನನ್ನ ಹಳೆಯ ಜೊತೆಗಾರ ಬಂದ. ಬಲಗೈ ಜೇಬಿನಲ್ಲಿತ್ತು, ಎಡಗೈಯಲ್ಲಿ ಚಹಾ ತೆಗೆದುಕೊಂಡ. “ಇವರಿಗೆ ಏನಾತು ಅಂತ ಕೇಳಾಕೆ ನಾನೇ ಹೋಗಿದ್ದೆ. ನಿಮ್ಮ ಮುಂದೇ ಹೇಳ್ತೀನಿ ಅಂದ್ರು,” ಎಂದರು ಮೇಡಂ. ಸಿಕ್ಕಿಬಿದ್ದೆ ಅಂದುಕೊಂಡೆ.

ಅವನು ನನ್ನ ಕಡೆ ನೋಡಲೂ ಇಲ್ಲ. “ತಪ್ಪು ನಂದೇ ರೀ. ಆತು ಅಂತ ಕೇಳಿಸ್ದಂಗ ಅನಿಸ್ತು, ಕೈ ಇಟ್ಟೆ. ಯಾರೂ ಅಂದಿದ್ದಿಲ್ಲ ಅದನ್ನ. ನೀವು ಲಾಕ್ ಬಿದ್ದಿದ್ದು ಕಣ್ಣಿಲೆ ನೋಡದೇ ಕೈ ಇಡಬ್ಯಾಡ್ರಿ.”

ಚುಚ್ಚಿ ಮಾತಾಡುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ. ನನ್ನ ಸುಳ್ಳನ್ನು ಅವನು ನಂಬಿಬಿಟ್ಟಿದ್ದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ.

“ಅಂದಿದ್ದೆ,” ಅಂದೆ. “ನಾನು ಆತು ಅಂದಿದ್ದೆ. ಹಾಕ್ತೀನಿ ಅಂತ ಅಂದಿದ್ದು, ಹಾಕಿದ್ದಿಲ್ಲ. ವಿಚಾರಣಿಯಾಗ ಸುಳ್ಳು ಹೇಳಿದೆ.”

ಮೇಡಂ “ಆ ಮಾತಿಗೆ ಇಲ್ಲಿ ಎಷ್ಟು ಅರ್ಥ ಅದಾವೆ?” ಎಂದು ಎಲ್ಲರನ್ನೂ ಕೇಳಿದರು. ಅಂದಿನಿಂದ ಗುಡ್ಡದ ಮೇಲೆ ಆತು ಅನ್ನುವಂತಿಲ್ಲ. ಮಾಡುವ ಮುಂಚೆ ‘ಹಾಕ್ತೀನಿ’, ಮಾಡಿದ ಮೇಲೆ ‘ಲಾಕ್ ಬಿತ್ತು’. ಹಳೆಯ ವರದಿ ತಿದ್ದಲು ನನ್ನ ಕೈಯಿಂದಲೇ ಬರೆಸಿಕೊಂಡರು, ಅದು ಮೇಲಿನವರಿಗೆ ಹೋಗಿದೆ. ನನ್ನ ಕೆಲಸ ಇನ್ನೂ ಇದೆ, ಎಷ್ಟು ದಿನವೋ. ಮೇಡಂಗೆ ಮೊದಲೇ ಎಲ್ಲ ಗೊತ್ತಿತ್ತೇನೋ ಎನ್ನುವ ಅನುಮಾನ ಈಗಲೂ ಹೋಗಿಲ್ಲ.

ಆ ದಿನ ಅವನ ಹಿಂದೆ ಬಸ್‌ಸ್ಟ್ಯಾಂಡಿನ ತನಕ ನಡೆದೆ. ಹೊಡೆದರೆ ಹೊಡೆಯಲಿ ಅಂದುಕೊಂಡಿದ್ದೆ. ಅವನು ಹೊಡೆಯಲಿಲ್ಲ. ಬಸ್ಸು ಬರುವ ದಾರಿಯನ್ನೇ ನೋಡುತ್ತ ನಿಂತ.

“ಹೊಸಪೇಟಿಗೆ ಹೋಗಿ ಎರಡು ಸಲ ಕಿವಿ ತೋರಿಸ್ಕೊಂಡು ಬಂದೀನಿ ಲೇ,” ಅಂದ. “ಏನೂ ಆಗಿಲ್ಲ, ಕಿವಿ ಚಲೋ ಅದಾವ ಅಂದ್ರು ಡಾಕ್ಟ್ರು. ನಾನು ಅವರನ್ನೂ ನಂಬಲಿಲ್ಲ.”