ಮಂಗಳವ್ವನ ಕೆಂಪು ದಾರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ರಾಣೆಬೆನ್ನೂರಿನ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷ ನರ್ಸ್ ಆಗಿದ್ದೆ. ಮಂಗಳವ್ವನಿಗೆ ಬೈದಷ್ಟು ಯಾರಿಗೂ ಬೈದಿಲ್ಲ.

2006ರ ಮಾತು. ಕದರಮಂಡಲಗಿಯ ಮಂಗಳವ್ವ ಬೀಜದ ಹತ್ತಿ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಿದ್ದಳು. ಸಂಜೆ ಮೊಗ್ಗಿನ ಕೇಸರ ತೆಗೆಯುವುದು, ಮರುದಿನ ಮುಂಜಾನೆ ಬೇರೆ ತಳಿಯ ಪರಾಗ ಸವರಿ ಗುರುತಿಗೆ ತೊಟ್ಟಿಗೆ ಕೆಂಪು ದಾರ ಕಟ್ಟುವುದು. ಸಾವಿರಾರು ಹೂವಿಗೆ ಕಾಯಿ ಕಟ್ಟಿಸಿದವಳಿಗೆ ಮೂವತ್ತೆಂಟಾದರೂ ಮಡಿಲು ತುಂಬಿರಲಿಲ್ಲ; ಅದರ ಚಿಕಿತ್ಸೆಗೆ ನಮ್ಮಲ್ಲಿಗೆ ಬರುತ್ತಿದ್ದಳು. "ಇನ್ನೆರಡು ತಿಂಗಳು ನೋಡೂಣು, ಆಮ್ಯಾಲೆ ಸಾಕು" ಎಂದಿದ್ದರು ಡಾಕ್ಟರಮ್ಮ.

ದಿನಾ ಹಾರ್ಮೋನ್ ಸೂಜಿ. ಅದು ಅಂಡಾಶಯದ ಕೋಶಗಳನ್ನು ಮುಟ್ಟಿ ಒಳಗೆ ಮಲಗಿದ್ದ ಜೀನ್‌ಗಳನ್ನು ಎಬ್ಬಿಸುತ್ತದೆ, ಆಗ ಕೋಶಗಳೇ ತತ್ತಿ ಬೆಳೆಯಲು ಬೇಕಾದ ಅಂಶ ತಯಾರಿಸುತ್ತವೆ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದ್ದರು. ಅಂದಿನಿಂದ ಮಂಗಳವ್ವ ಬೆಂಚಿನ ಮೇಲೆ ಕಣ್ಣು ಮುಚ್ಚಿ, ಹೊಟ್ಟೆಯ ಮೇಲೆ ಕೈಯಿಟ್ಟು ಕೂರುತ್ತಿದ್ದಳು.

"ಒಳಗ ಆಳು ಕೆಲಸಕ್ಕ ಹತ್ಯಾರ್ರಿ ಅಕ್ಕಾರ, ಸಪ್ಪಳ ಮಾಡಬ್ಯಾಡ್ರಿ."

ಸ್ಕ್ಯಾನಿನ ಬೂದು ಪರದೆಯಲ್ಲಿ ಅವಳಿಗೆ ಮಂಜು ಕವಿದ ಹತ್ತಿ ಹೊಲ ಕಾಣುತ್ತಿತ್ತಂತೆ. ನೋಡಿ ನೋಡಿ ನನಗೂ ಒಮ್ಮೊಮ್ಮೆ ಕಂಡಿದ್ದುಂಟು.

ತತ್ತಿ ಬಲಿಯಿತು. ಅದನ್ನು ಬಿಡಿಸುವ ಕೊನೆಯ ಸೂಜಿಗೆ ಸಂಜೆ ಆರಕ್ಕೆ ಬಾ ಎಂದರೆ ಮರುದಿನ ಬೆಳಿಗ್ಗೆ ಬಂದಳು, ಮಲ್ಲಿಗೆ ಮುಡಿದು, ಮಣಿಕಟ್ಟಿಗೆ ಕೆಂಪು ದಾರ ಕಟ್ಟಿಕೊಂಡು.

"ಸಂಜೀಕ ನಾವು ಹೂವಿಂದ ಕೇಸರ ತೆಗೀತೀವ್ರಿ. ಕೂಡಸೂದೆಲ್ಲಾ ಮುಂಜಾನೆ."

ಸ್ಕ್ಯಾನ್ ಮಾಡಿದರೆ ತತ್ತಿ ಆಗಲೇ ತಾನಾಗಿ ಜಾರಿಹೋಗಿತ್ತು. ಆ ತಿಂಗಳು ಹಾಳಾಯಿತು. "ನೀ ಏನು ಗಿಡ ಏನ, ಹೇಳಿದ್ದು ತಲಿಗೆ ಹೋಗೂದಿಲ್ಲೇನ" ಎಂದು ಎಲ್ಲರೆದುರು ಬೈದೆ. ಅವಳು ಮೆಲ್ಲಗೆ ದಾರ ಬಿಚ್ಚಿದಳು.

"ಹೂ ಉದುರಿದ ಮ್ಯಾಲೆ ದಾರ ಯಾಕ್ರಿ" ಎಂದಳು. ಆದರೂ ಎಸೆಯದೆ, ಎಲೆಯಡಿಕೆ ಚಂಚಿಯೊಳಗೆ ಹಾಕಿಕೊಂಡಳು. ನನ್ನ ಬಾಯಿಯ ಮೇಲೆ ನನಗೇ ಹೇಸಿಗೆಯಾಯಿತು.

ಮುಂದಿನ ತಿಂಗಳು, ಅದೇ ಕೊನೆಯ ಸಲ, ನಾಲ್ಕಕ್ಕೇ ಬಂದು ಕೂತಿದ್ದಳು. ಕೈ ಬರಿದಾಗಿತ್ತು. ಆರಕ್ಕೆ ಸರಿಯಾಗಿ ಸೂಜಿ ಕೊಟ್ಟು, ಚಂಚಿ ಇಸಿದುಕೊಂಡು, ಆ ದಾರವನ್ನು ಹುಡುಕಿ ನಾನೇ ಕಟ್ಟಿದೆ.

ಅದನ್ನು ಬಿಚ್ಚಿದವಳೂ ನಾನೇ. ಹೆರಿಗೆಯ ದಿನ, ಸಲೈನ್ ಹಾಕಲು ಜಾಗ ಬೇಕಿತ್ತು.